ಮಾರ್ಚ್ ತಿಂಗಳ ಚಿತ್ರ

ಥೂ, ಈ ಧೂಳು, ಜೀಪಿನ ಗಾಜು ಅರ್ಧಕ್ಕೇ ನಿಂತುಬಿಟ್ಟಿದೆ, ಅರಕಲಗೂಡಿನ ಮಣ್ಣೆಲ್ಲ ನನ್ನ ಮಡಿಲ ನಕ್ಷೆಯ ಮೇಲೆ — ಉಪಗ್ರಹದ ಚಿತ್ರದಲ್ಲಿ ಬೆಳೆಯಿದ್ದರೆ ಕೆಂಪು, ಇಲ್ಲದಿದ್ದರೆ ಬೂದು, ನಾಲೆಯ ಉದ್ದಕ್ಕೂ ಕೆಂಪೋ ಕೆಂಪು, ಮಳೆ ನಂಬಿದ ಈ ಹೊಲಗಳಲ್ಲಿ ಬರೀ ಬೂದು, ಮಾರ್ಚ್ ತಿಂಗಳಲ್ಲಿ ಬೂದಲ್ಲದೆ ಇನ್ನೇನಿರುತ್ತೆ ನನ್ನ ತಲೆ, ಹೊಗೆಸೊಪ್ಪು ಮಳೆಗಾಲದ ಬೆಳೆ, ಮಳೆಗಾಲದ ಚಿತ್ರದ ತುಂಬ ಮೋಡ, ಮೋಡವಿಲ್ಲದ ಚಿತ್ರವೇ ಬೇಕೆಂದರೆ ಹೊಲ ಖಾಲಿಯಿರುವ ಬೇಸಿಗೆಯದೇ ಗತಿ, ಹಾಸನದ ಆಫೀಸಿನಲ್ಲಿ ಎಷ್ಟು ಸಲ ಬಾಯಿ ಬಡಿದುಕೊಂಡೆ, ಸಾಹೇಬರು ಚಂದ್ರಶೇಖರಯ್ಯ ಕನ್ನಡಕ ಒರೆಸುತ್ತ, ನೋಡೀಮ್ಮಾ ಶರ್ವಾಣಿ, ಬೂದು ಅಂದ್ರೆ ಪಾಳು, ಸ್ಥಳಕ್ಕೆ ಬೇಕಾದ್ರೆ ಹೋಗ್ಬನ್ನಿ, ಬಣ್ಣ ಬದಲಾಯಿಸೋ ಹಾಗಿಲ್ಲ, ಗೇಣಿದಾರರಿಗೆ ಕೊಟ್ಟ ಜಮೀನು ಪಾಳು ಬಿದ್ರೆ ವಾಪಸ್ ತಗೊಳ್ಳೋದು ಬಿಡೋದು ಸಮಿತಿಗೆ ಸೇರಿದ್ದು, ನಮಗ್ಯಾಕೆ ಉಸಾಬರಿ — ಉಸಾಬರಿಯಂತೆ! ಈ ಮಾರ್ಚಿನಲ್ಲೂ ಬೂದೇ ಬಂದರೆ ಗುರುಸಿದ್ದಮ್ಮನ ಹೊಲ ಹೋಯಿತು, ಅಷ್ಟೇ.

ಒಂದು ಕಾಲಕ್ಕೆ ಅದು ನಮ್ಮದೇ ಹೊಲ, ಭೂಸುಧಾರಣೆ ಬಂದಾಗ ಗೇಣಿಗೆ ಉಳುತ್ತಿದ್ದ ಅವಳ ಗಂಡ ಶಿವಯ್ಯನ ಹೆಸರಿಗಾಯಿತು, ಹೊಳೆನರಸೀಪುರದ ಮನೆಯಲ್ಲಿ ಅಪ್ಪನದು ಅವತ್ತಿನಿಂದ ಒಂದೇ ರಾಗ, ಕೊಟ್ರಲ್ಲ, ಅದೇನು ಕಡಿದು ಕಟ್ಟೆ ಹಾಕಿದ್ರು, ಈಗಂತೂ ಆಕಾಶದಿಂದಲೇ ಸಾಕ್ಷಿ ಸಿಕ್ಕಿತೆಂದು ಹಿಗ್ಗೋ ಹಿಗ್ಗು, ಮಾರ್ಚಿನಲ್ಲಿ ನೀವೇನು ಬೆಳೀತಿದ್ರಿ ಅಪ್ಪಾ ಎಂದು ಕೇಳಿದರೆ ಕಾಫಿ ಆರಿಹೋಯ್ತು ಅಂತ ಅಡುಗೆಮನೆ ಕಡೆ ಕೂಗುತ್ತಾರೆ, ಹೋದ ವರ್ಷ, ತೊಂಬತ್ತೆಂಟರಲ್ಲಿ, ಸ್ಥಳ ನೋಡಲು ಬಂದಾಗ ಗುರುಸಿದ್ದಮ್ಮ ಕತ್ತೆತ್ತಿ, ಅಲ್ಲಾ ಅಮ್ಮಣ್ಣಿ, ಮ್ಯಾಲಿಂದ ಪಟ ತೆಗೆಯೋರು ಸೊಪ್ಪಿರೋವಾಗ ಬರಬಾರ್ದಾ, ಒಂದ್ ಮಾತು ಯೋಳಿದ್ರೆ ಏನೋಗ್ತಿತ್ತು, ನನಗೋ ಬಿಸಿಲು, ಸಾಹೇಬರ ಮೇಲಿನ ಸಿಟ್ಟು, ಮುಂದಿನ ಮಾರ್ಚಿಗೆ ಮತ್ತೆ ತೆಗೀತಾರೆ, ಆಗ ಹಸಿರಿದ್ರೆ ಬಚಾವು ಎಂದು ಅವಳ ಮೇಲೇ ರೇಗಿ ಜೀಪು ಹತ್ತಿದ್ದೆ, ಬಾವಿಯಿಲ್ಲದವಳಿಗೆ ಹೇಳುವ ಮಾತೇ ಅದು — ಇದೇ ತಿರುವು, ನಿಲ್ಸಿ, ನಿಲ್ಸೀಪ್ಪಾ, ಅದೇನು ಅಲ್ಲಿ, ಹಸಿರು? ಎಳೆ ರಾಗಿ ಪೈರು, ಉತ್ತ ನೆಲದ ನಟ್ಟನಡುವೆ ಒಂದು ಚಾಪೆ ಹಾಸುವಷ್ಟು, ಕೆರೆಯ ಕಡೆಯಿಂದ ಗುರುಸಿದ್ದಮ್ಮ, ತಲೆಯ ಮೇಲೆ ಕೊಡ, ಬಂದ್ರಾ ಅಮ್ಮಣ್ಣಿ, ಸಿವರಾತ್ರಿಯಿಂದ ಉಯ್ತಾನೇ ಇವ್ನಿ, ಈ ದಪ ಕಾಣ್ತದಲ್ವಾ ಮ್ಯಾಲಕ್ಕೆ, ಹಲ್ಲಿಲ್ಲದ ಬಾಯಿ ತುಂಬ ನಗು — ಕಾಣುವುದಿಲ್ಲ, ಅಯ್ಯೋ, ಚಿತ್ರದ ಒಂದೇ ಒಂದು ಚುಕ್ಕೆಯೊಳಗೆ ಇಂಥ ನೂರು ಚಾಪೆ ಹಿಡಿಯುತ್ತವೆ, ಯಾರ ಮೇಲೆ ಕೂಗಾಡಲಿ, ಸಾಕು ಬಿಡಮ್ಮಾ ಎನ್ನಬೇಕು, ಅವಳು ಆಗಲೇ ಬಗ್ಗಿದಳು, ಕೊಡ ಓರೆಯಾಯಿತು, ನೀರು, ಕಾದ ಮಣ್ಣು ಚುರ್ ಎಂದಿತು, ಖಾಲಿ ಕೊಡ ಎತ್ತಿಕೊಂಡು ಮತ್ತೆ ಕೆರೆಯ ಕಡೆಗೆ, ತಲೆಯ ಮೇಲೆ ಕೊಡ, ಬಗ್ಗಿದಳು, ನೀರು, ಮತ್ತೆ ಕೊಡ —