ಬಿಸಿಯಾದ ಮೇಲೆ ದಿಬ್ಬ ಹತ್ತದ ಗಾಡಿ

ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವ ಆ ಮೆಕ್ಯಾನಿಕ್‌ನನ್ನು ಎಲ್ಲರೂ ‘ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಆನಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ರೋಗ ಹೇಳುವುದು ಅವನ ರೂಢಿ. ಮೂವತ್ತು ವರ್ಷದಲ್ಲಿ ಅವನ ಮಾತು ಹುಸಿಯಾದದ್ದು ಕಡಿಮೆ.

ಆ ಬೆಳಿಗ್ಗೆ ಆಟದ ಮೈದಾನದ ಮಾಲಿ ತಾನು ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿಯನ್ನು ತಂದ.

“ಸ್ಟಾರ್ಟ್ ಆಗುತ್ತೆ, ಹುಲ್ಲೂ ಕತ್ತರಿಸುತ್ತೆ. ಅರ್ಧ ಗಂಟೆ ಆಯ್ತೋ, ದಿಬ್ಬ ಹತ್ತಲ್ಲ. ಎಂಜಿನ್ ತನ್ನ ಪಾಡಿಗೆ ಓಡ್ತಿರುತ್ತೆ, ಚಕ್ರದ್ದು ಮಾತ್ರ ಮುಷ್ಕರ.”

ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟ. ಬರೀ ಮಂದವಾದ ಗುಂಯ್‌ಗುಟ್ಟುವಿಕೆ. ಐದಾರು ತಿಂಗಳಿಂದ ಹೀಗೇ. ಸಣ್ಣ ಸದ್ದುಗಳು ಒಂದೊಂದಾಗಿ ಅವನಿಂದ ದೂರವಾಗುತ್ತಿದ್ದವು. ಅಂದಾಜಿನ ಮೇಲೆ ಹೇಳಿಬಿಟ್ಟ: “ಗೇರ್‌ಬಾಕ್ಸ್ ಹೋಗಿದೆ. ಬೇರೆ ಹಾಕಬೇಕು.”

ಮಾಲಿಯ ಮುಖ ಸಪ್ಪಗಾಯಿತು. “ಅಷ್ಟು ಖರ್ಚು ಅಂದ್ರೆ ಮೈದಾನದೋರು ಇದನ್ನ ಗುಜರಿಗೇ ಹಾಕ್ತಾರೆ.”

ಬಿಡಿಭಾಗಗಳನ್ನು ಜೋಡಿಸಿಡುತ್ತಿದ್ದ ಮೆಕ್ಯಾನಿಕ್‌ನ ಹೆಂಡತಿ ತಲೆಯೆತ್ತಿದಳು. “ರೀ, ಬೆಲ್ಟ್ ಕಡೆಯಿಂದ ಕೀಚ್ ಕೀಚ್ ಅಂತಿದೆಯಲ್ಲ?”

“ಎಲ್ಲಿ? ಏನೂ ಇಲ್ಲ.”

“ಇದೆ. ನಿಮಗೆ ಕೇಳಿಸ್ತಿಲ್ಲ.”

ಅವನಿಗೆ ಮೈಯೆಲ್ಲ ಉರಿಯಿತು. ಆದರೂ ಎಂಜಿನ್ ಆರಿಸಿ, ಜಾಕಿ ಕೊಟ್ಟು ಹಿಂಭಾಗ ಎತ್ತಿ, ಗಾಡಿಯಡಿ ಮಲಗಿದ. ಮೊದಲೇ ಮಾಡಬೇಕಿದ್ದ ಕೆಲಸವದು. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಒಯ್ಯುವ ಬೆಲ್ಟಿನ ಅಂಚು ಸವೆದು ಗಾಜಿನಂತೆ ನುಣುಪಾಗಿತ್ತು. ಅದನ್ನು ಬಿಗಿಹಿಡಿಯುವ ಸ್ಪ್ರಿಂಗ್ ಜೋತುಬಿದ್ದಿತ್ತು. ಬಿಸಿಯೇರಿದೊಡನೆ ಬೆಲ್ಟ್ ಜಾರುತ್ತಿದ್ದಿರಬೇಕು.

ಎರಡನ್ನೂ ಬದಲಿಸಿ, ಮೂವರೂ ಮೈದಾನಕ್ಕೆ ಹೋದರು. ಮಾಲಿ ಮುಕ್ಕಾಲು ಗಂಟೆ ಹುಲ್ಲು ಕತ್ತರಿಸಿ, ಬಿಸಿಯಾದ ಗಾಡಿಯನ್ನು ದಿಬ್ಬದತ್ತ ತಿರುಗಿಸಿದ. ಅದು ಒಂದೇ ಉಸಿರಿಗೆ ಹತ್ತಿತು. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ.

ಮಾಲಿ ಇಳಿದು ಬಂದಾಗ ಮೆಕ್ಯಾನಿಕ್ ನೆಲ ನೋಡುತ್ತ ಹೇಳಿದ: “ಬೆಳಿಗ್ಗೆ ನಾನು ಹೇಳಿದ್ದು ತಪ್ಪು ಕಣಯ್ಯಾ. ಕಿವಿ ಕೈಕೊಟ್ಟಿದೆ. ನಾಚಿಕೆಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ.”

“ಏನಂದ್ರಿ?” ಮಾಲಿ ಬಲಗಿವಿಯನ್ನು ಮುಂದೆ ತಂದ.

ಮೆಕ್ಯಾನಿಕ್ ಇನ್ನೊಮ್ಮೆ ಹೇಳಿದ. ಮಾಲಿ ತನ್ನ ಎಡಗಿವಿ ಮುಟ್ಟಿಕೊಂಡ.

“ನನ್ನ ಎಡಗಿವಿ ಹೋಗಿ ಎರಡು ವರ್ಷ ಆಯ್ತು ಡಾಕ್ಟ್ರೇ. ಈ ಗಾಡಿ ಸದ್ದಿಗೇ ಇರ್ಬೇಕು. ಕೆಲಸ ಹೋದೀತು ಅಂತ ಮನೇಲೂ ಬಾಯಿಬಿಟ್ಟಿಲ್ಲ.”

“ಚೆನ್ನಾಗಿದೆ ಜೋಡಿ! ನಿಮ್ಮಿಬ್ಬರ ಮಧ್ಯೆ ನನ್ನ ಗಂಟಲು ಹರಿಯುತ್ತೆ,” ಎಂದು ಹೆಂಡತಿ ನಕ್ಕಳು.

ಮೆಕ್ಯಾನಿಕ್ ನಗಲಿಲ್ಲ. ಈ ಕಷ್ಟ ತನ್ನೊಬ್ಬನದೇ ಎಂದುಕೊಂಡಿದ್ದವನಿಗೆ ಎದೆ ಕೊಂಚ ಹಗುರಾಗಿತ್ತು. ಮಾಲಿಯ ಬಲಕ್ಕೆ ಬಂದು ನಿಂತು ಜೋರಾಗಿ ಕೇಳಿದ: “ಗುರುವಾರ ಕಿವಿ ತೋರಿಸೋಕೆ ಹೋಗ್ತೀನಿ. ಜೊತೆಗೆ ಬರ್ತೀಯಾ?”

“ಬೆಳಿಗ್ಗೆ ಬೇಗ ಹೋಗೋಣ. ಹತ್ತಕ್ಕೆ ಮೈದಾನದಲ್ಲಿ ಮ್ಯಾಚ್ ಇದೆ,” ಎಂದ ಮಾಲಿ.