ಬೇಡ ಎನ್ನದ ಊರು

ನಾಲ್ಕನೆಯವರೂ ಕೈ ಹಿಡಿದು ಮುಂದಿನ ವಾರ ಖಂಡಿತ ಫೋನ್ ಮಾಡುತ್ತೇನೆ ಎಂದಾಗ, ಕೊರೀನ್ ಕೈ ಬಿಡಿಸಿಕೊಂಡು ಗಂಡ ವೆಂಡೆಲ್‌ನ ಶವಪೆಟ್ಟಿಗೆಯ ಮೇಲಿನ ಹೂಗಳನ್ನು ಸುಮ್ಮನೆ ಸರಿಪಡಿಸತೊಡಗಿದಳು. ಹಾಲಿವುಡ್ ಪಕ್ಕದ ಬರ್‌ಬ್ಯಾಂಕಿನ ಆ ಪುಟ್ಟ ಚರ್ಚಿನಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ವೆಂಡೆಲ್ ನಿರ್ದೇಶಿಸಿದ್ದು ಎರಡೇ ಸಿನಿಮಾ. ಎರಡಕ್ಕೂ ಹಾಲಿವುಡ್ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತ್ತು. ಆಮೇಲೆ ಎಲ್ಲಿ ಹೋದ ಎಂದು ಬಂದವರೆಲ್ಲ ಪಿಸುಗುಟ್ಟುತ್ತಿದ್ದರು. ಕೆಲವರು ಕುಡಿತ ಎಂದರು, ಕೆಲವರು ಜಂಬ ಎಂದರು. ಪುಣ್ಯಾತ್ಮ ಎಲ್ಲಿಗೂ ಹೋಗಿರಲಿಲ್ಲ, ಮನೆಯಲ್ಲೇ ಇದ್ದ.

*

ಮೂರನೆಯ ಸಿನಿಮಾಕ್ಕೆಂದು ವೆಂಡೆಲ್ ಬರೆದದ್ದು ಕಿತ್ತಳೆ ಹಣ್ಣನ್ನು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಹೆಂಗಸರ ಕತೆ. ನಿರ್ಮಾಪಕ ಗಿಲ್ ಹಾಕ್‌ಮನ್ ಊಟಕ್ಕೆ ಕರೆದು, ಓದಿ ಅತ್ತುಬಿಟ್ಟೆ, ಇದನ್ನು ಮಾಡಿಯೇ ತೀರೋಣ ಎಂದ. ಅಂದು ವೆಂಡೆಲ್ ಅಡುಗೆಮನೆಯಲ್ಲಿ ಹೆಂಡತಿಯನ್ನು ಎತ್ತಿಕೊಂಡು ಕುಣಿದಿದ್ದ.

ಹಾಲಿವುಡ್ ಎಂಬ ಆ ಊರಿನಲ್ಲಿ ಯಾರೂ ಯಾರಿಗೂ ಬೇಡ ಎನ್ನುವುದಿಲ್ಲ. ನಾಳೆ ಯಾರು ಗೆಲ್ಲುತ್ತಾರೋ ಯಾರಿಗೆ ಗೊತ್ತು? ಹೊಗಳುತ್ತಾರೆ, ತಬ್ಬಿಕೊಳ್ಳುತ್ತಾರೆ, ಸುಮ್ಮನಾಗುತ್ತಾರೆ. ಸುಮ್ಮನಾದರೆ ಇಲ್ಲವೆಂದೇ ಅರ್ಥ. ಅಯೋವಾದ ಹಳ್ಳಿಯಿಂದ ಬಂದಿದ್ದ ವೆಂಡೆಲ್‌ಗೆ ಮಾತ್ರ ಮಾತೆಂದರೆ ಮಾತು. ಗಿಲ್‌ಗೆ ಮಾತು ಕೊಟ್ಟಿದ್ದೇನೆ ಎಂದು ಟೀವಿ ಕೆಲಸ ಬಿಟ್ಟ, ಬೇರೆಯವರ ಸಿನಿಮಾ ಬಿಟ್ಟ. ಕರೆದು ಕರೆದು ಸಾಕಾಗಿ ಜನ ಅವನನ್ನು ಮರೆತರು. ತಲೆ ಪೂರ್ತಿ ನರೆತ ಮೇಲೂ ಹೊರಗಿನಿಂದ ಬಂದೊಡನೆ, ಗಿಲ್ ಫೋನ್ ಮಾಡಿದ್ದನೇ ಎಂದು ಕೇಳುತ್ತಿದ್ದ. ಕೊರೀನ್‌ಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಕರುಳು ಚುರುಕ್ ಎನ್ನುತ್ತಿತ್ತು.

*

ಈಗ ಮುದುಕನಾಗಿದ್ದ ಗಿಲ್ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದ. ಕೊರೀನ್ ನೇರ ಹೋಗಿ ಪಕ್ಕದಲ್ಲಿ ಕೂತಳು.

"ಎಂಥಾ ಮನುಷ್ಯ ಕಣಮ್ಮಾ. ಆ ಕತೆ ನಾವು ಇನ್ನೂ..."

"ಅದೆಲ್ಲ ಇವತ್ತು ಬೇಡ ಗಿಲ್. ನಾನು ಮುಂದೆ ಬದುಕ್ಬೇಕು. ನಿಜವಾಗ್ಲೂ ಏನಾದ್ರೂ ಇತ್ತಾ, ಇಲ್ಲ ಅವನು ಸುಮ್ನೆ ಕಾದ್ನಾ? ಅಷ್ಟು ಹೇಳು ಸಾಕು."

ಗಿಲ್ ಕೈಯಲ್ಲಿದ್ದ ಟೋಪಿಯನ್ನು ಬೆಂಚಿನ ಮೇಲಿಟ್ಟ.

"ಏನೂ ಇರ್ಲಿಲ್ಲ. ದುಡ್ಡು ಹಾಕೋರು ನಾವು ಊಟ ಮಾಡಿದ ವಾರವೇ ಆಗಲ್ಲ ಅಂದಿದ್ರು. ಕತೆ ಚೆನ್ನಾಗಿತ್ತು, ಅದು ಸುಳ್ಳಲ್ಲ. ಅವನ ಮುಖ ನೋಡ್ಕೊಂಡು ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

ಅಲ್ಲಿಯತನಕ ಅಳದಿದ್ದ ಕೊರೀನ್ ಈಗ ಅತ್ತಳು. ಬಯ್ಯಬೇಕೆಂದೇ ಬಂದಿದ್ದಳು, ಒಂದು ಬೈಗುಳವೂ ನೆನಪಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ಒಬ್ಬರು ನಿಜ ಹೇಳಿದ್ದರು, ಎದೆ ಹಗುರವಾಗಿತ್ತು.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಹೆಗಲು ಕೊಡಲು ಖಂಡಿತ ಬರುತ್ತೇನೆಂದಿದ್ದ ನಟನೊಬ್ಬ ಬಂದಿರಲಿಲ್ಲ. ಪೆಟ್ಟಿಗೆಯ ಒಂದು ಹಿಡಿಕೆ ಖಾಲಿ ಉಳಿದಿತ್ತು.

"ನಿನ್ನ ಕೈಲಾಗತ್ತಾ?" ಎಂದಳು ಕೊರೀನ್.

ಓಹೋ, ಖಂಡಿತ ಎನ್ನಲು ಬಾಯಿ ತೆರೆದ ಗಿಲ್ ತಡೆದುಕೊಂಡ. "ಇಲ್ಲ, ಆಗಲ್ಲ. ಬೆನ್ನು ಹೋಗಿದೆ. ನೀನೂ ಹಿಡಿದ್ರೆ ಆಗಬಹುದು."

ಒಂದೇ ಹಿಡಿಕೆಗೆ ಇಬ್ಬರೂ ಕೈ ಹಾಕಿ, ಉಳಿದವರ ಜೊತೆ ಹೆಜ್ಜೆ ತಪ್ಪುತ್ತ, ಮತ್ತೆ ಹೊಂದಿಸಿಕೊಳ್ಳುತ್ತ, ವೆಂಡೆಲ್‌ನನ್ನು ಬಿಸಿಲಿಗೆ ಒಯ್ದರು.