ಪೇಟೆಯ ಬೆನ್ನಿಗೆ ಮುಳುಗಿದ ಸೂರ್ಯ

ಮಂಗಳೂರಿನ ಶಕ್ತಿನಗರದ ಕೌಶಲ್ ಹಂಪನಕಟ್ಟೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿಯ ಬೋರ್ಡು ಮಾಡಿಕೊಂಡಿದ್ದವನು. ಆದರೆ ಚಿತ್ರ ಬಿಡಿಸುವವರ ವಾಟ್ಸಾಪ್ ಗುಂಪಿನಲ್ಲಿ ಅವನು ಮಹಾ ವಿಮರ್ಶಕ. ಗುಂಪಿನ ಅಡ್ಮಿನ್ ಕೂಡ ಅವನೇ ಆದ್ದರಿಂದ ಎದುರು ಹೇಳುವವರಿರಲಿಲ್ಲ. ಬೆಂಗ್ರೆಯ ದೀಕ್ಷಿತಾ ಒಮ್ಮೆ, ಅಂಗಳದಲ್ಲಿ ಕೂತು ಬಲೆ ಸರಿಮಾಡುವವರ ಚಿತ್ರ ಹಾಕಿದ್ದಳು. "ಜಾಗಕ್ಕೆ ಹೋಗಿ ನೋಡದೆ ಮಾಡಿದ ಹಾಗೆ ಉಂಟು. ಮೊದಲು ಕಣ್ಣಾರೆ ನೋಡಿ" ಎಂದು ಕೌಶಲ್ ಬರೆದ. ಅದು ಅವಳ ಮನೆಯದೇ ಅಂಗಳ. ಅವಳು "ಸರಿ ಸರ್" ಎಂದಷ್ಟೇ ಬರೆದಳು.

ಇಂಥವನಿಗೆ ಅದೃಷ್ಟ ಖುಲಾಯಿಸಿತು. ಗಲ್ಫಿನಿಂದ ಬಂದು ಹೊಸ ಲಾಡ್ಜ್ ಕಟ್ಟಿಸಿದ ಮುಖೇಶ್, ರಿಸೆಪ್ಷನ್ ಗೋಡೆಗೆ ಬೆಂಗ್ರೆಯ ಸೂರ್ಯಾಸ್ತ ಬೇಕೆಂದ. "ಹಿಡಿಸಿದರೆ ಹತ್ತು ಕೋಣೆಗಳ ಚಿತ್ರವೂ ನಿಮ್ಮದೇ. ಕೆಳಗೆ ನಿಮ್ಮ ಹೆಸರು ಹಾಕುವ." ಹತ್ತು ವರ್ಷ ಬೇರೆಯವರ ಹೆಸರನ್ನೇ ದೊಡ್ಡದಾಗಿ ಅಚ್ಚು ಹಾಕಿದವನಿಗೆ ಆ ಕೊನೆಯ ಮಾತು ತಲೆಗೇರಿತು.

ಹೊಳೆಗೂ ಕಡಲಿಗೂ ನಡುವೆ ಇರುವ ಬೆಂಗ್ರೆಗೆ ಪೇಟೆಯಿಂದ ದೋಣಿಯಲ್ಲಿ ಕೆಲವೇ ನಿಮಿಷ. ಕೌಶಲ್ ಹೋಗಲಿಲ್ಲ. ಬೆಂಗ್ರೆಯ ದಡದಿಂದ ಯಾರೋ ತೆಗೆದ ಫೋಟೋವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಅದನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಚಿತ್ರ ಕಟ್ಟಿದ. ಮುಂದೆ ಮರಳು, ಚರುಮುರಿ ಗಾಡಿ, ಅದಕ್ಕೆ ಮುತ್ತಿದ ಜನ, ಹೊಳೆ, ಆಚೆ ದಡದಲ್ಲಿ ಮಂಗಳೂರು ಪೇಟೆ, ಪೇಟೆಯ ಬೆನ್ನಿಗೆ ಇಳಿಯುವ ಕೆಂಪು ಸೂರ್ಯ.

ಗುಂಪಿಗೆ ಹಾಕಿ, "ನಿರ್ದಾಕ್ಷಿಣ್ಯವಾಗಿ ಹೇಳಿ. ಹೊಗಳಿಕೆ ಬೇಡ" ಎಂದು ಬರೆದ. ಹೊಗಳಿಕೆ ಬೇಡ ಎನ್ನುವವರಿಗೆ ಎಷ್ಟು ಹೊಗಳಿಕೆ ಬೇಕೆಂದು ಗುಂಪಿಗೆ ಚೆನ್ನಾಗಿ ಗೊತ್ತಿತ್ತು. ಸೂಪರ್‌ಗಳ ಸುರಿಮಳೆಯಾಯಿತು. ಹಿರಿಯರಾದ ರೇಮಂಡ್ ಮಾತ್ರ "ಕೆಂಪು ಸ್ವಲ್ಪ ಜಾಸ್ತಿ ಆಯಿತಾ ಎಂತ?" ಎಂದು ಕೇಳಿ, ಬಣ್ಣಗಳ ಬಗ್ಗೆ ನಾಲ್ಕು ಪ್ಯಾರಾ ಪಾಠ ಹೇಳಿಸಿಕೊಂಡು, ಕೈಮುಗಿಯುವ ಇಮೋಜಿ ಹಾಕಿ ಹಿಂದೆ ಸರಿದರು.

ಆಮೇಲೆ ದೀಕ್ಷಿತಾಳದು ಬಂತು. "ಸರ್, ಚಿತ್ರ ಚಂದ ಉಂಟು. ಆದರೆ ಸೂರ್ಯ" ಎಂದು ಶುರುವಾಗಿತ್ತು. ಕೌಶಲನ ಓದು "ಆದರೆ" ಎಂಬಲ್ಲಿಗೇ ನಿಂತಿತು. "ಕಲಾವಿದನಿಗೆ ಸ್ವಾತಂತ್ರ್ಯ ಅಂತ ಒಂದು ಉಂಟು ಮಾರಾಯ್ತಿ" ಎಂದು ಬರೆದು, ಅಡ್ಮಿನ್‌ನ ಅಧಿಕಾರದಿಂದ ಅವಳ ಮಾತನ್ನೇ ಅಳಿಸಿಬಿಟ್ಟ.

ಚಿತ್ರ ಹನ್ನೆರಡು ಅಡಿ ಅಗಲಕ್ಕೆ ಗೋಡೆಯೇರಿತು. ಮೇಲೆ ಅಂಗೈಯಗಲದ ಅಕ್ಷರದಲ್ಲಿ "ಬೆಂಗ್ರೆಯ ಸಂಜೆ", ಕೆಳಗೆ ಅದಕ್ಕಿಂತ ತುಸು ದೊಡ್ಡದಾಗಿ "ಕೌಶಲ್". ಉದ್ಘಾಟನೆಗೆ ಮುಖೇಶ್ ತನ್ನ ಮಾವ ನೋಣಯ್ಯನವರನ್ನು ಕರೆಸಿದ್ದ. ಮೂವತ್ತು ವರ್ಷ ಬೆಂಗ್ರೆಯ ದೋಣಿ ನಡೆಸಿದವರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಇದು ನಮ್ಮ ದಡದಲ್ಲಿ ನಿಂತರೆ ಕಾಣುವ ಪೇಟೆ ಅಲ್ವಾ?"

"ಹೌದು ಅಂಕಲ್" ಎಂದ ಕೌಶಲ್, ಹಿಗ್ಗಿ.

"ಪೇಟೆ ಇರುವುದು ಮೂಡು ದಿಕ್ಕಿಗೆ. ಸೂರ್ಯ ಅಲ್ಲಿ ಮುಳುಗ್ಲಿಕ್ಕೆ ಯಾವಾಗ ಶುರು ಮಾಡಿದ?"

ನೆರೆದವರು ಚಿತ್ರ ನೋಡಿದರು, ಆಮೇಲೆ ಕೌಶಲನನ್ನು ನೋಡಿದರು. ಅವನು "ಅದು ಸೂರ್ಯೋದಯ ಅಂಕಲ್" ಎಂದುಬಿಟ್ಟ, ಮೇಲೆ "ಸಂಜೆ" ಎಂದು ತಾನೇ ಬರೆದದ್ದನ್ನು ಮರೆತು.

"ಹಾಗಾ? ಬೆಳಿಗ್ಗೆ ಆರು ಗಂಟೆಗೆ ಚರುಮುರಿ ತಿನ್ನುವವರು ಯಾರಪ್ಪ ಇವರೆಲ್ಲ?"

ಮುಖೇಶ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಸರಿ ಮಾಡಿ ತನ್ನಿ. ಕೋಣೆಗಳದ್ದು ಆಮೇಲೆ ನೋಡುವ" ಎಂದ. ಈ ಊರಿನಲ್ಲಿ "ನೋಡುವ" ಎಂದರೆ ಏನೆಂದು ಕೌಶಲನಿಗೆ ಗೊತ್ತು. ಅದೇ ಮಾತು ಹೇಳಿ ಅವನೂ ಎಷ್ಟೋ ಗಿರಾಕಿಗಳನ್ನು ಸಾಗಹಾಕಿದ್ದ.

ಹೊರಗೆ ಬಂದು ದೀಕ್ಷಿತಾಳಿಗೆ ಫೋನ್ ಮಾಡಿದ. "ನೀವು ಅವತ್ತು ಬರೆದದ್ದು ಎಂತ?"

"ಸೂರ್ಯ ನಿಮ್ಮ ಶಕ್ತಿನಗರದ ಕಡೆ ಮುಳುಗ್ತಾ ಉಂಟು ಅಂತ, ಸರ್."

ಮರುದಿನ ಅವನು ದೋಣಿ ಹತ್ತಿ ಬೆಂಗ್ರೆಗೆ ಹೋದ. ಸೂರ್ಯ ಯಾರ ಅಭಿಪ್ರಾಯವನ್ನೂ ಕೇಳದೆ ಸಮುದ್ರದಲ್ಲಿ ಮುಳುಗಿದ. ಮೂರು ದಿನ ಕೂತು ಹೊಸ ಚಿತ್ರ ಮಾಡಿ ಗುಂಪಿಗೆ ಹಾಕಿ, "ತಪ್ಪಿದ್ದರೆ ದಯವಿಟ್ಟು ಹೇಳಿ, ನಾಳೆ ಗೋಡೆಗೆ ಹೋಗ್ತದೆ" ಎಂದು ಬರೆದ. ಈ ಬಾರಿ ಅವನಿಗೆ ನಿಜವಾಗಿಯೂ ಅಭಿಪ್ರಾಯ ಬೇಕಿತ್ತು. ಮತ್ತೆ ಅವೇ ಸೂಪರ್‌ಗಳು ಬಂದವು. ಅವನು ಕಾದದ್ದು ಒಬ್ಬಳ ಉತ್ತರಕ್ಕೆ. ಅದೂ ಬಂತು.

"ಸೂಪರ್ ಸರ್."

ಹೊಗಳಿಕೆ ಓದಿ ಕೌಶಲನಿಗೆ ಮೊದಲ ಸಲ ಭಯವಾಯಿತು. ಚಿತ್ರವನ್ನು ಹಿಗ್ಗಿಸಿ ಮೂಲೆಮೂಲೆ ಹುಡುಕತೊಡಗಿದ.